ಹಸಿರು ಬಣ್ಣದ ಜಾಡಿ

ಅರಮನೆಯಿಂದ ಡಂಗುರ ಹೊರಟಿತು: "ರಾಜಕುಮಾರಿ ಹೊನ್ನಾದೇವಿಯ ಮೂರು ಒಗಟು ಬಿಡಿಸಿದವರಿಗೆ ಬಂದರಿನ ಅಧಿಕಾರ. ಒಂದು ತಪ್ಪಿದರೂ ಒಂದು ಬಟ್ಟಲು ಹಸಿರು ಬಣ್ಣ ಕುಡಿಯಬೇಕು. ಮೈಗೆ ಏನೂ ಆಗದೆಂದು ಆಣೆಯಿಟ್ಟು ಮಾರುವವರಿಗೆ ಭಯವೇಕೆ?"

ರಾಜಕುಮಾರಿಯ ಹಸಿರು ಸೀರೆ ಒಗೆಯುತ್ತಿದ್ದ ದಾದಿ ಸತ್ತು ತಿಂಗಳಾಗಿತ್ತು. ಅದಕ್ಕೂ ಮೊದಲು ಆ ಬಣ್ಣದ ಜಾಡಿ ತೊಳೆಯುವವರ ಓಣಿಯೇ ಸತ್ತಿತ್ತು. ಅದು ಅರಮನೆಗೆ ಕೇಳಿಸಿರಲಿಲ್ಲ.

ಮೂವರು ಬಂದರು. ಹೊರದೇಶದ ಪುಡಿ ತರಿಸುವ ಸಾಹುಕಾರ ಪದುಮಯ್ಯ, ಆ ಪುಡಿ ಬೇಯಿಸಿ ಬಣ್ಣ ಮಾಡುವ ಯಜಮಾನ ಸಂಗಣ್ಣ, ಖಾಲಿ ಜಾಡಿ ತೊಳೆಯುವ ಜುಂಜ. ಓಣಿಯಲ್ಲಿ ಉಳಿದವನು ಅವನೊಬ್ಬನೇ. ಉಳಿದ ಹನ್ನೊಂದು ಮನೆಗೂ ಬೀಗ.

"ಲೋ, ತಪ್ಪಿದರೆ ಬಣ್ಣ ಕುಡೀತೀಯೇನೋ?" ಸಂಗಣ್ಣ ನಕ್ಕ.

"ನಿಮ್ಮ ಜಾಡಿ ತೊಳೆದ ನೀರು ನಮ್ಮ ಬಾವಿಗೇ ಇಳಿಯೋದು, ಯಜಮಾನ್ರೇ. ದಿನಾ ಕುಡೀತಿದ್ದೀನಿ."

ರಾಜಕುಮಾರಿ ಕೇಳಿದಳು: "ಬರಿದಾದ ಮೇಲೂ ತುಂಬಿರುವುದು ಯಾವುದು?"

"ದಾನ ಮಾಡಿದ ಅರಸರ ಕೈ!" ಎಂದ ಸಂಗಣ್ಣ.

"ಖಾಲಿ ಜಾಡಿ, ತಾಯಿ," ಎಂದ ಜುಂಜ. "ಒಳ್ಳೇ ಜಾಡಿ, ಬಿಸಾಡೋದ್ಯಾಕೆ ಅಂತ ನಮ್ಮವ್ವ ಅದರಲ್ಲಿ ಅಕ್ಕಿ ತುಂಬಿಟ್ಟಳು. ಓಣಿಯವರೆಲ್ಲ ಹಾಗೇ ಮಾಡಿದರು. ನಾನು ಆ ವರ್ಷ ಹಡಗಿನ ಕೂಲಿಗೆ ಹೋಗಿದ್ದೆ. ಅದಕ್ಕೇ ಉಳಿದೆ."

ರಾಜಕುಮಾರಿ ಎರಡನೆಯ ಒಗಟು ಕೇಳಿದಳು: "ತಂದವನು ಮಾಡಿದವನನ್ನು ತೋರಿಸುತ್ತಾನೆ, ಮಾಡಿದವನು ತಂದವನನ್ನು ತೋರಿಸುತ್ತಾನೆ. ನಡುವೆ ನಿಂತದ್ದು ಯಾರದೂ ಅಲ್ಲ. ಯಾವುದದು?"

"ತಬ್ಬಲಿ ಮಗು," ಎಂದ ಪದುಮಯ್ಯ.

"ಮಗುವಾಗಿದ್ದರೆ ಯಾರಾದರೂ ಎತ್ತಿಕೊಳ್ಳೋರು," ಎಂದ ಜುಂಜ. "ಅದು ಹಸಿರು ಬಣ್ಣ. ಅವ್ವ ಯಾಕೆ ಸತ್ತಳು ಅಂತ ಕೇಳಿದ್ದಕ್ಕೆ, ಪುಡಿ ತಂದೋರನ್ನು ಕೇಳು ಅಂದರು ಈ ಯಜಮಾನ್ರು. ಬೇಯಿಸಿದೋರನ್ನು ಕೇಳು ಅಂದರು ಆ ಸಾಹುಕಾರ್ರು."

ರಾಜಕುಮಾರಿ ಮೂರನೆಯದು ಕೇಳಿದಳು: "ಎರಡು ಬಾಯಿಗೆ ಗೊತ್ತಿದೆ, ಹೇಳುವುದಿಲ್ಲ. ಹತ್ತು ಬೆರಳಿಗೆ ಗೊತ್ತಿದೆ, ಹೇಳಲು ಬರುವುದಿಲ್ಲ. ಏನದು?"

ಜುಂಜ ಉಗುರು ಉದುರಿದ ತನ್ನ ಬೆರಳು ನೋಡಿಕೊಂಡ. ಆಮೇಲೆ ಅಂದ: "ತಾಯಿ, ತಪ್ಪಿದೋರಿಗೆ ಮೊದಲು ಬಟ್ಟಲು ಕೊಡಿ."

ಬಟ್ಟಲು ಬಂತು. ಇಬ್ಬರೂ ಹಿಂದೆ ಸರಿದರು. "ಬೇಡ! ಅದರಲ್ಲಿ ಪಾಷಾಣ ಇದೆ!" ಎಂದು ಸಂಗಣ್ಣ ಚೀರಿದ. "ಪುಡಿಯಲ್ಲೇ ಇತ್ತು!" ಎಂದ ಪದುಮಯ್ಯ.

"ಇದೇ ಉತ್ತರ," ಎಂದ ಜುಂಜ. "ಜಾಡಿಯೊಳಗೆ ಏನಿದೆ ಅನ್ನೋದು. ಬಾಯಿ ಇವರವು, ಬೆರಳು ನನ್ನವು."

ರಾಜಕುಮಾರಿ ಅವನ ಕೈಗೆ ಬಂದರಿನ ಮುದ್ರೆ ಕೊಟ್ಟಳು. "ಇವರು ಕುಡಿಯಲಿ ಅನ್ನುತ್ತೀಯಾ?"

"ಬೇಡ, ತಾಯಿ. ಸತ್ತರೆ ಬಾಯಿ ಮುಚ್ಚಿಕೊಂಡೇ ಹೋಗ್ತಾರೆ. ಬರೀಲಿ."

ಅಂದಿನಿಂದ ಕಟ್ಟಳೆಯಾಯಿತು. ಮಾಡುವವನಿರಲಿ, ತರಿಸುವವನಿರಲಿ, ಒಳಗಿರುವುದರ ಹೆಸರನ್ನೂ ಅದರ ಕೇಡನ್ನೂ ಮೊದಲು ಅರಮನೆಯ ಕಡತದಲ್ಲಿ ಬರೆಸಬೇಕು, ಜಾಡಿಯ ಮೇಲೂ ಬರೆಯಬೇಕು. ಗೊತ್ತಿಲ್ಲ ಎನ್ನುವವನು ಮಾರಕೂಡದು.

ಜುಂಜ ತಾನೇ ಕೂತು ಅಕ್ಷರ ಕಲಿತ. ಬರೆದ ಮೊದಲ ಜಾಡಿ ಬಂದ ದಿನ ಅದನ್ನು ಹೊತ್ತು ಓಣಿಗೆ ಹೋದ. "ಪಾಷಾಣ. ಇದರಲ್ಲಿ ಅಕ್ಕಿ ಇಡಬೇಡಿ." ಬೀಗ ಬಿದ್ದ ಹನ್ನೊಂದು ಬಾಗಿಲ ಮುಂದೆ ನಿಂತು ಹನ್ನೊಂದು ಸಲ ಗಟ್ಟಿಯಾಗಿ ಓದಿದ.