ಮರಕುಟಿಗ ಮೇಷ್ಟ್ರ ಗಂಟೆ

ಕಾಡಿನ ಶಾಲೆಗೆ ಮರಕುಟಿಗವೇ ಮೇಷ್ಟ್ರು. ಅವರು ಪೊಳ್ಳು ಮರವನ್ನು ಟಕಟಕ ಕುಟ್ಟಿದರೆ ಅದೇ ಶಾಲೆಯ ಗಂಟೆ. ಹೊಸದಾಗಿ ಸೇರಿದ ಚಿಪ್ಪುಹಂದಿ ಮರಿ ಮಾತ್ರ ಗಂಟೆಯಾದಾಗಲೆಲ್ಲ ಚೆಂಡಿನಂತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಪಾಠ ಮುಗಿದರೂ ಬಿಚ್ಚಿಕೊಳ್ಳುತ್ತಿರಲಿಲ್ಲ.

"ಇದು ಸೊಕ್ಕು. ನಾಳೆಯಿಂದ ಇವನು ಬರುವುದು ಬೇಡ," ಎಂದರು ಮೇಷ್ಟ್ರು.

ಅದೇ ತರಗತಿಯ ಅಳಿಲಿಗೆ ಕುತೂಹಲ ತಡೆಯಲಾಗಲಿಲ್ಲ. ಸುರುಳಿಯ ಪಕ್ಕ ಸುಮ್ಮನೆ ಕುಳಿತು ಕಾಯಿತು. ಬಹಳ ಹೊತ್ತಿನ ಮೇಲೆ ಒಂದು ಮೂಗು ಹೊರಬಂತು.

"ಗಂಟೆಯಾದರೆ ನಿನಗೆ ಏನಾಗುತ್ತದೆ?" ಎಂದು ಅಳಿಲು ಕೇಳಿತು.

"ಆ ಸದ್ದು ನನ್ನ ಒಂದೊಂದು ಚಿಪ್ಪಿನೊಳಗೂ ನುಗ್ಗುತ್ತದೆ."

"ಗಂಟೆಯಾಗುತ್ತದೆಂದು ಮೊದಲೇ ತಿಳಿದರೆ?"

ಮರಿ ಯೋಚಿಸಿತು. "ದೂರ ಹೋಗಿ ನಿಲ್ಲುತ್ತೇನೆ. ಸದ್ದು ನಿಂತ ಮೇಲೆ ಬರುತ್ತೇನೆ."

"ಬಾಲದಿಂದ ತಟ್ಟಿ ಹೇಳಲೇ?"

"ಮುಟ್ಟಬೇಡ. ಎದುರಿಗೆ ಬಂದು ಬಾಲ ಬೀಸು, ಸಾಕು."

ಅಳಿಲು ಹೋಗಿ ಹೇಳಿದಾಗ ಮೇಷ್ಟ್ರು ಒಪ್ಪಲಿಲ್ಲ. "ಉಳಿದವರಿಗೆ ಇಲ್ಲದ ಕಷ್ಟ ಇವನೊಬ್ಬನಿಗೇ ಹೇಗೆ?"

"ಉಳಿದವರನ್ನು ನಾವು ಕೇಳಿಯೇ ಇಲ್ಲವಲ್ಲ, ಮೇಷ್ಟ್ರೇ."

ಮೇಷ್ಟ್ರು ತಲೆ ಓರೆ ಮಾಡಿ ಯೋಚಿಸಿ, "ಸರಿ, ನಾಳೆ ಒಂದು ದಿನ ಬರಲಿ, ನೋಡೋಣ," ಎಂದರು. ಮರುದಿನ ಅಳಿಲು ಬಾಲ ಬೀಸಿತು, ಮರಿ ದೂರ ಸರಿಯಿತು, ಮೇಷ್ಟ್ರು ಮೆಲ್ಲಗೆ ಕುಟ್ಟಿದರು. ಸದ್ದು ನಿಂತ ಮೇಲೆ ಮರಿ ತಾನಾಗಿ ಬಂದು ಕುಳಿತುಕೊಂಡಿತು. ಮೇಷ್ಟ್ರಿಗೂ ಈಗ ಕುತೂಹಲ ಹುಟ್ಟಿತು.

"ಮಕ್ಕಳೇ, ನಿಮ್ಮಲ್ಲಿ ಇನ್ನು ಯಾರಿಗೆ ಏನು ಕಷ್ಟ?"

ಹಿಂದಿನ ಸಾಲಿನ ಗೂಬೆ ಮರಿ, "ನನಗೆ ಈ ಬಿಸಿಲು, ಮೇಷ್ಟ್ರೇ," ಎಂದಿತು.

ಅಂದಿನ ಪಾಠ ನೆರಳಿನಲ್ಲಿ ನಡೆಯಿತು.