ಗುಂಡಿ ಡಬ್ಬಿಯ ಕನ್ನಡಕ

ದರ್ಜಿ ದಾವಲಸಾಬನ ಗುಂಡಿ ಡಬ್ಬಿಯಲ್ಲಿ ತೀರಿಹೋದ ಹೆಂಡತಿಯ ಕನ್ನಡಕ ಮಲಗಿತ್ತು. ಒಂದು ದಿನ ಸೂಜಿ ಅದನ್ನು ತಿವಿಯಿತು.

"ಏಳಕ್ಕ, ಕೆಲಸವಿದೆ."

"ನನ್ನ ಕೆಲಸ ಆಕೆಯ ಜೊತೆಗೇ ಮುಗೀತು."

"ಹೂ ಮಾರುವ ನಾಗವ್ವನ ಮಗಳು ಸಾವಂತ್ರಿ ನನಗೆ ದಾರ ಪೋಣಿಸೋಕೆ ಬರ್ತಾಳಲ್ಲ, ನನ್ನನ್ನು ಮೂಗಿನ ತುದಿಗೇ ಹಿಡೀತಾಳೆ. ದೂರದ್ದು ಕಾಣಿಸೋದಿಲ್ಲ. ಶಾಲೆಯಲ್ಲಿ ದಡ್ಡಿ ಅಂತಾರೆ. ಕನ್ನಡಕ ಕೊಡಿಸೋ ಶಕ್ತಿ ನಾಗವ್ವನಿಗಿಲ್ಲ. ಶಾಲೆಯನ್ನೇ ಬಿಡಿಸ್ತಾಳಂತೆ."

"ಮುದುಕಿಯ ಗಾಜು ಮಗುವಿಗೆ ಆಗುತ್ತದೆಯೇ?"

"ಗಾಜು ಡಾಕ್ಟರು ಬೇರೆ ಹಾಕ್ತಾರೆ. ನೀನು ಫ್ರೇಮು ಕೊಡು."

"ಈ ಗಾಜಿನಲ್ಲೇ ಆಕೆ ನೋಡ್ತಿದ್ದಳು."

"ಏನು ನೋಡ್ತಿದ್ದಳು?"

"ಈತನ ಅಂಗಿಯ ಗುಂಡಿ. ದಿನಾ ತಪ್ಪು ಹಾಕ್ತಿದ್ದ. ದಿನಾ ಬೈತಿದ್ದಳು."

"ಈಗ ಬೈಯೋರು ಯಾರು?"

ಕನ್ನಡಕ ಮಡಚಿದ ಕಡ್ಡಿಗಳನ್ನು ಮೆಲ್ಲಗೆ ಬಿಚ್ಚಿತು. ಆಮೇಲೆ "ಆಗಲಿ" ಎಂದಿತು.

ಆ ಸಂಜೆ ಸೂಜಿ ಬೇಕಂತಲೇ ಸಾವಂತ್ರಿಯ ಕಾಲ ಬಳಿ ಬಿದ್ದು ಬಿಸಿಲಲ್ಲಿ ಹೊಳೆಯಿತು. ಹುಡುಗಿ ಸುತ್ತಲೂ ನೆಲ ತಡವಿದಳು. ದಾವಲಸಾಬ ಮಷಿನ್ ನಿಲ್ಲಿಸಿ ನೋಡಿದ. ಡಬ್ಬಿ ತೆರೆದ. ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿದ. ಮರುದಿನ ತಾಯಿ, ಮಗಳು ಇಬ್ಬರನ್ನೂ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದ.

ಹೊಸ ಗಾಜು ಬಂತು. ಫ್ರೇಮು ಮಾತ್ರ ಸಣ್ಣ ಮುಖದಿಂದ ಜಾರಿತು. ದರ್ಜಿ ಅದರ ಕಡ್ಡಿಗಳಿಗೆ ದಾರ ಕಟ್ಟಿ, ತಲೆಯ ಹಿಂದೆ ಗಂಟು ಹಾಕಿದ.

ಸಾವಂತ್ರಿ ಬೀದಿಯ ಆಚೆ ಬದಿಗೆ ಓಡಿ, ತಿರುಗಿ ನೋಡಿದಳು.

"ಅಯ್ಯೋ ಅಜ್ಜ! ದರ್ಜಿಯಾಗಿ ಗುಂಡಿ ಮೇಲೆ ಕೆಳಗೆ ಹಾಕಿದ್ದೀಯಲ್ಲೋ!"

ದಾವಲಸಾಬ ನಗುತ್ತಾ ಗುಂಡಿ ಬಿಚ್ಚಿದ.

"ಬೈಗುಳ ಅದೇ," ಎಂದಿತು ಕನ್ನಡಕ. "ದನಿ ಮಾತ್ರ ಸಣ್ಣದು."