ಹೊಳೆದಾಸವಾಳಕ್ಕೆ ಕಟ್ಟಿದ ಹಗ್ಗ

ಅಂಗಳದ ಎಳೆಯ ಹೊಳೆದಾಸವಾಳದ ಮರ ಗಾಳಿಗೆ ಬಾಗದಿರಲೆಂದು ಜಲಜಕ್ಕ ಅದನ್ನು ನೈಲಾನ್ ಹಗ್ಗದಿಂದ ಬಿದಿರುಕೋಲಿಗೆ ಕಟ್ಟಿದಳು. ಹಗ್ಗ ಸಾಲದೆ ಪಕ್ಕದ ಗಿಡಕ್ಕೆ ಬಾಳೆನಾರು ಸುತ್ತಿದಳು. ನಾರನ್ನು ಕಂಡು ಹಗ್ಗಕ್ಕೆ ನಗು ಬಂತು.

"ನಾಲ್ಕು ಮಳೆ ಬಿದ್ದರೆ ಕೊಳೆತುಹೋಗುತ್ತೀಯ. ನಡುವೆ ಕೈಬಿಡುವ ನಿನಗೇಕೆ ಈ ಕೆಲಸ?"

"ಅಷ್ಟರಲ್ಲಿ ಗಿಡ ತಾನೇ ನಿಲ್ಲುತ್ತದಪ್ಪ," ಎಂದಿತು ನಾರು. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಕಳಚಿ ಬಿದ್ದು ಮಣ್ಣಾಯಿತು.

ಹೊಳೆದಾಸವಾಳ ನಿಧಾನಕ್ಕೆ ಬೆಳೆಯಿತು. ಪ್ರತಿ ಯುಗಾದಿಗೂ ಜಲಜಕ್ಕ ಕಿಟಕಿಯ ಸರಳಿಗೆ ಹೋಲಿಸಿ ಅದರ ಎತ್ತರ ನೋಡಿ ಹಿಗ್ಗುತ್ತಿದ್ದಳು. ದಪ್ಪ ನೋಡಬೇಕೆಂದು ಅವಳಿಗೆ ಅನಿಸಲೇ ಇಲ್ಲ. ಮೂರನೆಯ ಯುಗಾದಿಯ ಹೊತ್ತಿಗೆ ಹಗ್ಗಕ್ಕೆ ಹೆದರಿಕೆಯಾಯಿತು. ತೊಗಟೆ ಎರಡೂ ಕಡೆ ಉಬ್ಬಿ ಹಗ್ಗವನ್ನೇ ನುಂಗುತ್ತಿತ್ತು.

"ಮರವೇ, ಇನ್ನೆಷ್ಟು ದಪ್ಪವಾಗುತ್ತೀಯ?"

"ಒಬ್ಬರು ತಬ್ಬುವಷ್ಟು. ಅದಿರಲಿ, ನನಗೆ ಉಸಿರು ಕಟ್ಟುತ್ತಿದೆ. ಯಾಕಿಷ್ಟು ಬಿಗಿಯುತ್ತೀಯ?"

"ದೇವರಾಣೆಗೂ ನಾನು ಬಿಗಿಯುತ್ತಿಲ್ಲ! ಮೊದಲ ದಿನ ಹೇಗಿದ್ದೆನೋ ಹಾಗೆಯೇ ಇದ್ದೇನೆ."

"ನಾನು ಹಾಗೆಯೇ ಇಲ್ಲವಲ್ಲ," ಎಂದಿತು ಮರ. "ದಯವಿಟ್ಟು ಬಿಡು."

ಹಗ್ಗ ಒದ್ದಾಡಿತು. ಸಡಿಲವಾಗುವುದು ಅದಕ್ಕೆ ಗೊತ್ತಿರಲಿಲ್ಲ. ಬಿಸಿಲು ಬಂತು, ಮಳೆ ಬಂತು. ಒಂದು ಎಳೆಯೂ ಹರಿಯಲಿಲ್ಲ. ಮೇಲೆ ಎಲೆಗಳು ಹಳದಿಯಾಗಿ ಉದುರತೊಡಗಿದವು.

ಜಲಜಕ್ಕ ಗಾಬರಿಯಾಗಿ ಓಡಿಬಂದಳು. "ಅಯ್ಯೋ ಕಂದ, ಗಾಳಿ ಹೊಡೆತಕ್ಕೆ ಹೀಗೆ ಸೊರಗಿದೆಯಾ?" ಎಂದು ಮರದ ಮೈ ಸವರಿದಳು. ಅವಳ ಇನ್ನೊಂದು ಕೈಯಲ್ಲಿ ಹೊಸ ನೈಲಾನ್ ಹಗ್ಗವಿತ್ತು.